ಗೋರಂಟಿ ಹಚ್ಚದ ಕೈ

ಶಿವಲಿಂಗಮ್ಮನ ಬಾಯಿ ಆ ಶನಿವಾರ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಅವಳ ಕೆಲಸ ಇವತ್ತಿಗೂ ಅವಳದೇ ಆಗಿರುತ್ತಿತ್ತು. ಆದರೆ ಆ ಬಾಯಿ ಸುಮ್ಮನಿರುವ ಜಾತಿಯದಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ತನ್ನ ಕೈಯಾರೆ ತಂದುಕೊಂಡದ್ದು ಅದು.

ರಾಮನಗರದ ರುದ್ರಪ್ರಸಾದರ ರೇಷ್ಮೆ ಘಟಕದಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ನೂಲು ಬಿಚ್ಚುತ್ತಿದ್ದಳು. ಬಿಸಿನೀರಿನ ಬೇಸಿನ್‌ನಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿಯನ್ನೂ ಬೆರಳಿನಿಂದ ತಡವಿ ಹುಡುಕಿ ರಾಟೆಗೆ ಕೊಡಬೇಕು. ಕಣ್ಣಿಗೆ ಕಾಣುವಷ್ಟು ದಪ್ಪದ ಎಳೆ ಅದಲ್ಲ, ಬೆರಳಿಗೇ ಗೊತ್ತಾಗಬೇಕು. ದಿನಕ್ಕೆ ಎಂಟು ಗಂಟೆ ಆ ನೀರಿನಲ್ಲಿ ಅದ್ದಿದ ಕೈ ಏನಾಗಬೇಕೋ ಅದೇ ಆಗಿತ್ತು. ಬೆರಳ ಸಂದುಗಳು ಬಿರಿದಿದ್ದವು, ತುದಿಯ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಅಲ್ಲಿನ ಹೆಂಗಸರು ಇದಕ್ಕೆ ‘ನೀರು ತಿಂದ ಕೈ’ ಎನ್ನುತ್ತಾರೆ. ಬೇಸಿನ್ ಮುಂದೆ ಕೂರುವ ಹತ್ತು ಜನರಲ್ಲಿ ನೀರು ತಿನ್ನದ ಕೈ ಯಾರದೂ ಇರಲಿಲ್ಲ. ಶಿವಲಿಂಗಮ್ಮನದು ಎಲ್ಲರಿಗಿಂತ ಹಳೆಯದು, ಅಷ್ಟೇ ವ್ಯತ್ಯಾಸ. ಗಂಡ ಸತ್ತ ಮೇಲೆ ಆ ಕೈಯೇ ಮನೆ ನಡೆಸಿತ್ತು. ಮಗಳು ಪುಟ್ಟಿಯನ್ನು ಚನ್ನಪಟ್ಟಣದಲ್ಲಿ ನರ್ಸಿಂಗ್ ಎರಡನೇ ವರ್ಷದವರೆಗೆ ತಂದಿತ್ತು.

ಆ ಶನಿವಾರ ಅವಳು ಕೆಂಗಲ್ ಆಂಜನೇಯನಿಗೆ ಕೈ ಮುಗಿದು ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆ ಪಕ್ಕದ ಹೊಸ ಅಂಗಡಿಯ ಬೋರ್ಡು ಕಂಡಿತು. ‘ಸರಿಬೆಲೆ: ಮಾಡಿದವರಿಗೆ ನ್ಯಾಯ, ಕೊಂಡವರಿಗೆ ನೆಮ್ಮದಿ.’ ನ್ಯಾಯದ ಅಂಗಡಿ ಎಂದರೆ ಅವಳಿಗೆ ಗೊತ್ತಿದ್ದದ್ದು ರೇಷನ್ ಡಿಪೋ ಒಂದೇ. ಅಲ್ಲಿ ಅವಳ ಹೆಬ್ಬೆಟ್ಟನ್ನು ಯಂತ್ರ ಗುರುತಿಸುವುದಿಲ್ಲ, ಗೆರೆಗಳೆಲ್ಲ ಬೇಸಿನ್‌ನಲ್ಲೇ ಸವೆದುಹೋಗಿವೆ. ಪ್ರತಿ ತಿಂಗಳೂ ಡಿಪೋದವನ ಹತ್ತಿರ ಜಗಳ ಆಡಿಯೇ ಅವಳು ರಾಗಿ ತರಬೇಕು. ಇದು ಯಾವ ಸೀಮೆಯ ನ್ಯಾಯವೋ ನೋಡೋಣ ಎಂದು ಒಳಗೆ ಹೋದಳು.

ಒಳಗೆ ಚನ್ನಪಟ್ಟಣದ ಬೊಂಬೆ, ಮಾಗಡಿ ಕಡೆಯ ಹುಣಸೆಹಣ್ಣು, ಕನಕಪುರದ ಕಾಡಿನ ಜೇನು. ಒಂದೊಂದರ ಮೇಲೂ ಅದನ್ನು ಮಾಡಿದವರ ನಗುಮುಖದ ಫೋಟೊ. ಗಾಜಿನ ಪೆಟ್ಟಿಗೆಯ ಮೇಲೆ ಒಂದು ರೇಷ್ಮೆ ಶಾಲು ಹರಡಿತ್ತು. ‘ಇದನ್ನು ನೇಯ್ದ ರುದ್ರಯ್ಯನವರಿಗೆ ನ್ಯಾಯವಾದ ಕೂಲಿ ಸಂದಿದೆ’ ಎಂಬ ಚೀಟಿ, ಮೀಸೆಯ ಅಡಿಯಲ್ಲಿ ನಗುತ್ತಿದ್ದ ರುದ್ರಯ್ಯ. ಶಿವಲಿಂಗಮ್ಮ ಶಾಲಿನ ಅಂಚು ಹಿಡಿದು ನೋಡಿದಳು. ಬಿರಿದ ಬೆರಳಿಗೆ ಎಳೆ ಸಿಕ್ಕಿಕೊಂಡು ಪರ್ ಎಂದಿತು.

“ಅಯ್ಯೋ ಅಮ್ಮಾ, ಮುಟ್ಬೇಡಿ!” ಎಂದು ಅಂಗಡಿಯ ಹುಡುಗಿ ಓಡಿಬಂದಳು.

“ಯಾಕವ್ವ ಮುಟ್ಬಾರ್ದು? ನಮ್ ಕೈಯಿಂದ್ಲೇ ಬಂದಿದ್ದಲ್ವಾ ಇದು?” ಎಂದಳು ಶಿವಲಿಂಗಮ್ಮ. “ನೇಯ್ದೋನ್ ಫೋಟ ಹಾಕಿದ್ದೀಯ, ಸಂತೋಸ. ನೂಲ್ ತಗದೋಳು ಎಲ್ಲವ್ಳೆ?”

ಆ ಹುಡುಗಿ ಪ್ರತಿಮಾ. ವಿರೂಪಾಕ್ಷಿಪುರದ ಒಕ್ಕಲುಮನೆಯವಳು, ಮೈಸೂರಿನಲ್ಲಿ ಸಮಾಜಕಾರ್ಯ ಓದಿದವಳು. ಕಂಡಕಂಡ ಹಳ್ಳಿ ಸುತ್ತಿ ನ್ಯಾಯವಾಗಿ ಮಾಡಿದ ಸಾಮಾನು ಹುಡುಕಿ ತರುವುದೇ ಅವಳ ಕೆಲಸ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಇಷ್ಟು ಕೆಡುಕು ಮಾಡಲು ಅವಳಿಂದ ಆಗುತ್ತಲೂ ಇರಲಿಲ್ಲ. ಅವಳು ಶಿವಲಿಂಗಮ್ಮನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

“ಅಮ್ಮಾ, ಈ ಪ್ರಶ್ನೇನ ನಾನೇ ಕೇಳ್ಬೇಕಿತ್ತು. ನಿಮ್ಮ ಘಟಕಕ್ಕೆ ನನ್ನ ಕರ್ಕೊಂಡು ಹೋಗಿ,” ಎಂದಳು.

ರುದ್ರಪ್ರಸಾದರು ಮೊದಲ ದಿನ ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಎರಡನೇ ದಿನ ಕಾಫಿ ಕೊಟ್ಟರು. ಕೆಲಸಗಾರರಿಗೆ ಅನ್ಯಾಯವಾಗಿಲ್ಲ ಎಂದು ತಪಾಸಣೆ ಮಾಡಿ ನ್ಯಾಯದ ಗುರುತು ಒತ್ತಿದ ನೂಲನ್ನು ಹೊರದೇಶದವರು ಹೆಚ್ಚಿನ ದರಕ್ಕೆ, ವರ್ಷಪೂರ್ತಿ ಕೊಳ್ಳುತ್ತಾರೆ ಎಂದು ತಿಳಿದ ಮೂರನೇ ದಿನ, ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿದ್ದರೂ ಲೆಕ್ಕಿಸದೆ, ತಾವೇ ಘಟಕವನ್ನೆಲ್ಲ ತೋರಿಸಿದರು. ತಿಂಗಳೊಳಗೆ ಕುಡಿಯುವ ನೀರಿನ ಫಿಲ್ಟರ್ ಬಂತು. ಕಕ್ಕಸಿನ ಬಾಗಿಲಿಗೆ ಏಳು ವರ್ಷದಿಂದ ಇಲ್ಲದಿದ್ದ ಚಿಲಕ ಬಂತು. ಗುರುತು ಸಿಕ್ಕಿದ ದಿನದಿಂದ ಎಲ್ಲರ ಕೂಲಿಯೂ ಏರುತ್ತದೆ ಎಂದರು. ಕೆಲಸಗಾರರೇ ಕೂತು ತೀರ್ಮಾನ ಮಾಡುವ ಸಮಿತಿ ಇರಲೇಬೇಕು ಎಂಬುದು ನಿಯಮ. ಉಳಿದ ಒಂಬತ್ತು ಹೆಂಗಸರೂ ಚಪ್ಪಾಳೆ ತಟ್ಟಿ ಶಿವಲಿಂಗಮ್ಮನನ್ನು ಅಧ್ಯಕ್ಷೆ ಮಾಡಿದರು. ಮುನಿಯಮ್ಮನಂಥ ಹೊಟ್ಟೆಕಿಚ್ಚಿನ ಹೆಂಗಸೂ “ಬಾಯಿದ್ರೆ ನಿನ್ ಬಾಯಿ ಇರ್ಬೇಕು ಕಣೇ” ಎಂದಳು. ಶಿವಲಿಂಗಮ್ಮನಿಗೆ ಆ ವಾರವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಂಡ ಸತ್ತ ಮೇಲೆ ಯಾರೂ ಅವಳನ್ನು ಯಾವುದಕ್ಕೂ ಮುಂದೆ ಕೂರಿಸಿರಲಿಲ್ಲ.

ಪ್ರತಿಮಾ ನಿಯಮಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಏಳನೆಯದು ಹೀಗಿತ್ತು: ‘ಯಾವ ಕೆಲಸಗಾರರ ಕೈಯಲ್ಲಿಯೂ ಕೆಲಸದಿಂದಾದ ಗಾಯವಿರಕೂಡದು.’ ಏಳನೇ ಕ್ಲಾಸಿನವರೆಗೆ ಓದಿದ್ದ ಶಿವಲಿಂಗಮ್ಮ ಅದನ್ನು ಬೆರಳಿಟ್ಟು ಎರಡು ಸಲ ಓದಿದಳು.

“ನೋಡ್ರೇ, ನಮ್ ಕೈ ವಾಸಿ ಮಾಡ್ತರಂತೆ!” ಎಂದು ಎಲ್ಲರಿಗೂ ಕೂಗಿ ಹೇಳಿದಳು.

ಪಾಪದ ಹೆಂಗಸು. ಗಾಯ ಇರಕೂಡದು ಎಂದರೆ ಗಾಯ ಮಾಯಬೇಕು ಎಂದು ತಿಳಿದವಳು. ಗಾಯ ಇರುವವಳೇ ಇರಕೂಡದು ಎಂದೂ ಅದರ ಅರ್ಥವಾಗಬಹುದು ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ರುದ್ರಪ್ರಸಾದರು ಒಂದು ಡಬ್ಬಿ ನೀಲಿ ಗ್ಲೌಸು ತರಿಸಿದರು. ಹಾಕಿಕೊಂಡು ಕೂತರೆ ಎಳೆಯ ತುದಿ ಬೆರಳಿಗೆ ತಗಲಲೇ ಇಲ್ಲ. ಅರ್ಧ ದಿನದಲ್ಲಿ ನೂಲು ಮುಕ್ಕಾಲು ಪಾಲು ಕಡಿಮೆಯಾಯಿತು. ಸಾಹುಕಾರರು ಗ್ಲೌಸನ್ನೆಲ್ಲ ಬಿಚ್ಚಿಸಿ, ಹಾಳಾಗಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ತಪಾಸಣೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನವೇ ಬೇಸಿನ್‌ಗಳ ಒಲೆ ಆರಿಸಿ ಘಟಕ ತೊಳೆಯಲು ಹೇಳಿದರು. ತಾವು ಹೊರಡುವ ಮುಂಚೆ ರುದ್ರಪ್ರಸಾದರು ಬಾಗಿಲಲ್ಲಿ ನಿಂತು, “ನಾಳೆ ಕೈಗಳು ಒಸಿ ಚೆನ್ನಾಗ್ ಕಾಣ್ಬೇಕು ಕಣ್ರಮ್ಮ. ಹೆಂಗೆ ಅಂತ ನನ್ನ ಕೇಳ್ಬೇಡಿ, ನೀವೇ ನೋಡ್ಕಳಿ,” ಎಂದರು.

ದಾರಿ ತೋರಿಸಿದವಳು ನಿಖಾತ್. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಬಂದಾಗ ಎಳೆ ಸಿಗದೆ ಅಳುತ್ತ ಕೂತಿದ್ದವಳು ಅವಳು. ಅವಳ ಬೆರಳನ್ನು ತನ್ನ ಬೆರಳೊಳಗೆ ಹಿಡಿದು ನೀರಿಗಿಳಿಸಿ ಕಲಿಸಿದವಳು ಶಿವಲಿಂಗಮ್ಮ. ಅಂದಿನಿಂದ ಇಬ್ಬರದೂ ಪಕ್ಕಪಕ್ಕದ ಬೇಸಿನ್, ಒಂದೇ ಬುತ್ತಿ ಎನ್ನುವಷ್ಟು ಬಳಕೆ. ನೀರು ತಿಂದ ಕೈಗೆ ಗೋರಂಟಿ ಸೊಪ್ಪು ಅರೆದು ಹಚ್ಚುವುದು ಬೇಸಿನ್ ಹೆಂಗಸರ ಹಳೆಯ ಮದ್ದು. ಉರಿ ಇಳಿಯುತ್ತದೆ, ಚರ್ಮ ಒಸಿ ಗಟ್ಟಿಯಾಗುತ್ತದೆ. ಆ ದಿನ ಮಾತ್ರ ನಿಖಾತ್ ಅದನ್ನು ತಂದದ್ದು ಮದ್ದಿಗಲ್ಲ. ಬಕೆಟ್ ತುಂಬ ಅರೆದು ತಂದು ಅಂಗಳದಲ್ಲಿ ಇಟ್ಟಳು.

“ಗಾಯ ಕೆಂಪು, ಗೋರಂಟೀನೂ ಕೆಂಪು. ಯಾರಿಗ್ ಗೊತ್ತಾಯ್ತದೆ?” ಎಂದಳು.

ಹೆಂಗಸರು ಚಿತ್ತಾರ ಗಿತ್ತಾರ ಏನೂ ಇಲ್ಲದೆ, ಸಗಣಿ ಸಾರಿಸಿದ ಹಾಗೆ, ಮುಂಗೈವರೆಗೆ ಬಳಿದುಕೊಂಡರು. ಬಿರುಕಿಗೆ ಸೊಪ್ಪು ತಗಲಿದಾಗ ಉಸ್ ಎಂದರು, ಒಬ್ಬರನ್ನೊಬ್ಬರು ನೋಡಿ ನಕ್ಕರು. ನಿಖಾತ್ ಒಂದು ಮುದ್ದೆ ತೆಗೆದುಕೊಂಡು ಶಿವಲಿಂಗಮ್ಮನ ಮುಂದೆ ಕುಕ್ಕರಿಸಿದಳು.

“ಏ ನಿಖಾತು, ಅವ್ಳಿಗ್ ಹಚ್ಬೇಡ ಕಣೇ,” ಎಂದಳು ಮುನಿಯಮ್ಮ ದೂರದಿಂದಲೇ. “ಗಂಡ ಇಲ್ದೋಳು. ಚೆನ್ನಾಗಿರಕ್ಕಿಲ್ಲ.”

“ಮದ್ದಿಗೆ ತಾನೇ ಮುನಿಯಮ್ಮಕ್ಕ?”

“ನೋಡ್ದೋರ್ಗೆ ಮದ್ದು ಅಂತ ಹಣೆ ಮ್ಯಾಲ್ ಬರ್ಕಂಡ್ ಓಡಾಡ್ತಳಾ? ಮಗಳಿಗ್ ಗಂಡು ನೋಡೋ ಟೈಮಲ್ಲಿ ಅವ್ವ ಗೋರಂಟಿ ಇಟ್ಕಂಡವ್ಳೆ ಅಂತ ಊರೆಲ್ಲ ಆಡ್ಕಳಲ್ವಾ?”

ಶಿವಲಿಂಗಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಾತು ನಾಟಿದ್ದು ನಿಜ. ಅದನ್ನು ತೋರಿಸಿಕೊಳ್ಳುವ ಹೆಂಗಸು ಅವಳಲ್ಲ.

“ನಂಗ್ಯಾಕ್ ಬಿಡ್ರೇ,” ಎಂದಳು. “ಅವ್ರು ಬರೋದೇ ಕೈ ನೋಡಕ್ಕೆ. ಎಲ್ಲಾರೂ ಬಳ್ಕಂಡ್ ಕುಂತ್ರೆ ಅವ್ರಿಗೇನ್ ಕಂಡಾತು? ಒಂದ್ ಕೈನಾದ್ರೂ ಇದ್ದಂಗೇ ಇರ್ಲಿ. ನೋಡ್ಲಿ. ನೋಡಿದ್ರೆ ತಾನೇ ಏನಾದ್ರೂ ಮಾಡೋದು?”

ಮಾರನೆಯ ದಿನ ಬೆಂಗಳೂರಿನಿಂದ ತಪಾಸಣೆಯ ಮೇಡಂ ಬಂದರು. ಹತ್ತಿಯ ಸೀರೆ, ಪುಸ್ತಕದಂಥ ಕನ್ನಡ, ಕೈಯಲ್ಲಿ ಒಂದು ಪಟ್ಟಿ. ಜೊತೆಗೆ ಪ್ರತಿಮಾ, ಅವಳಿಗಿಂತ ಎರಡು ಹೆಜ್ಜೆ ಹಿಂದೆ ರುದ್ರಪ್ರಸಾದರು. ಮೇಡಂ ಚಿಲಕ ನೋಡಿದರು, ಫಿಲ್ಟರಿನ ನೀರು ಕುಡಿದರು. ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಂದರು.

“ಏನಿದು, ಎಲ್ಲರೂ ಗೋರಂಟಿ ಹಚ್ಚಿದ್ದೀರಿ? ಎಷ್ಟು ಚೆನ್ನಾಗಿದೆ! ಹಬ್ಬವೇ?” ಎಂದು ಮುನಿಯಮ್ಮನ ಅಂಗೈ ಸವರಿದರು. ಉರಿಗೆ ಮುನಿಯಮ್ಮನ ಕಾಲ್ಬೆರಳು ಮುದುರಿಕೊಂಡಿತು, ಮುಖ ನಗುತ್ತಲೇ ಇತ್ತು.

ಕೊನೆಗೆ ಶಿವಲಿಂಗಮ್ಮನ ಬೇಸಿನ್ ಹತ್ತಿರ ಬಂದರು. ಕೇಳುವ ಮೊದಲೇ ಅವಳು ನೀರಿನಿಂದ ಎರಡೂ ಕೈ ತೆಗೆದು ಮುಂದೆ ಹಿಡಿದಳು. ಮೇಡಂ ತಟ್ಟನೆ ಅರ್ಧ ಹೆಜ್ಜೆ ಹಿಂದೆ ಸರಿದರು. ಆಮೇಲೆ ಸಾವರಿಸಿಕೊಂಡು ಕೇಳಿದರು:

“ಅಮ್ಮಾ, ಇದು ಈ ನೀರಿನಿಂದ ಆದದ್ದೇ? ಇಲ್ಲಿ ಉಳಿದವರ ಕೈಯೂ ಹೀಗಿದೆಯೇ?”

ರಾಟೆಗಳು ತಿರುಗುತ್ತಿದ್ದವು, ಆದರೆ ಒಂಬತ್ತು ಹೆಂಗಸರ ಕೈಯೂ ನಿಂತುಹೋಗಿತ್ತು. ಶಿವಲಿಂಗಮ್ಮ ತಲೆಯೆತ್ತಿ ನೋಡಿದಳು. ಮುನಿಯಮ್ಮ ತುಟಿ ಕಚ್ಚಿಕೊಂಡಿದ್ದಳು. ಪಕ್ಕದಲ್ಲಿ ನಿಖಾತ್ ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಹೌದು ಎಂದರೆ ಈಗಲೇ ಗುರುತು ಹೋಯಿತು, ಏರುವ ಕೂಲಿ ಹೋಯಿತು, ಬಣ್ಣ ಬಳಿದುಕೊಂಡು ಮೋಸ ಮಾಡಿದವರು ಎಂಬ ಹೆಸರೂ ಬಂತು. ಇಪ್ಪತ್ತೆರಡು ವರ್ಷ ಎಲ್ಲರ ಪರವಾಗಿ ಸಾಹುಕಾರರ ಹತ್ತಿರ ಜಗಳಾಡಿದ ಆ ಬಾಯಿ ಅಂದು ಮೊದಲ ಸಲ ಮೆತ್ತಗಾಯಿತು.

“ಇಲ್ಲ ಮೇಡಮ್ಮಾರೆ. ನಂದೊಂದೇ ಹಿಂಗೆ. ನಂದು ಮೈಗುಣ.”

ಮೇಡಂ ಪಟ್ಟಿಯಲ್ಲಿ ಏನೋ ಬರೆದುಕೊಂಡರು. ಮಧ್ಯಾಹ್ನ ಊಟಕ್ಕೆ ಕೂತಾಗ ನಿಖಾತ್ ತನ್ನ ಬುತ್ತಿಯ ಮೊಟ್ಟೆಯನ್ನು ಪೂರ್ತಿ ಶಿವಲಿಂಗಮ್ಮನ ತಟ್ಟೆಗೆ ಹಾಕಿದಳು. “ಜೀವ ಉಳಿಸ್ದೆ ಅಕ್ಕ. ಸಾಯೋಗಂಟ ಮರ್ಯಕ್ಕಿಲ್ಲ,” ಎಂದಳು. ಅವಳು ಮರೆಯಲು ಹನ್ನೆರಡು ದಿನ ಸಾಕಾಯಿತು.

ಹನ್ನೆರಡನೇ ದಿನ ಪ್ರತಿಮಾ ಒಂದು ಟೈಪು ಮಾಡಿದ ಹಾಳೆ ಹಿಡಿದುಕೊಂಡು ಬಂದಳು. ಅಷ್ಟರಲ್ಲಿ ಹೆಂಗಸರು ಗೋರಂಟಿಯನ್ನು ಇನ್ನೊಂದು ಸಲ ಹಚ್ಚಿಕೊಂಡಾಗಿತ್ತು. ಯಾವಾಗ ಯಾರು ಬಂದಾರೋ ಎಂದು ಸಾಹುಕಾರರೇ ಸೊಪ್ಪು ತರಿಸಿಕೊಟ್ಟಿದ್ದರು. ಊಟದ ಹೊತ್ತಿನಲ್ಲಿ ಸಮಿತಿಯ ಸಭೆ ಕರೆದರು. ಚಾಪೆ ಹಾಸಿದರು. ಅಧ್ಯಕ್ಷೆಗೆಂದು ಶಿವಲಿಂಗಮ್ಮನಿಗೆ ಕುರ್ಚಿ ಹಾಕಿದರು.

“ಎಲ್ಲದರಲ್ಲೂ ಪಾಸಾಗಿದೀವಿ,” ಎಂದಳು ಪ್ರತಿಮಾ. ಹಾಳೆಯನ್ನು ಶಿವಲಿಂಗಮ್ಮನ ಕಡೆ ಚಾಚಿದಳು. “ಒಂದೇ ಒಂದು ಬಾಕಿ. ಅದನ್ನ ಹೊರಗಿನವರು ಹೇರೋ ಹಾಗಿಲ್ಲ, ನೀವೇ ತೀರ್ಮಾನ ಮಾಡ್ಬೇಕು. ಅಧ್ಯಕ್ಷರು ಓದಬೇಕು.”

ಶಿವಲಿಂಗಮ್ಮ ಹಾಳೆ ತೆಗೆದುಕೊಂಡು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. “ಕೈಗಾಯಕ್ಕೆ ತುತ್ತಾಗಿರುವ ಏಕೈಕ ಕೆಲಸಗಾರರಾದ ಶ್ರೀಮತಿ ಶಿವಲಿಂಗಮ್ಮ ಇವರನ್ನು, ಇವರ ಆರೋಗ್ಯದ ಹಿತದೃಷ್ಟಿಯಿಂದ, ಬೇಸಿನ್ ಕೆಲಸದಿಂದ ಬಿಡುಗಡೆ ಮಾಡಲು ಸಭೆಯು ತೀರ್ಮಾನಿಸಿತು.” ಓದಿ ಮುಗಿದ ಮೇಲೆಯೇ ಅವಳಿಗೆ ಅರ್ಥವಾದದ್ದು. ಮತ್ತೊಮ್ಮೆ ಓದಿಕೊಂಡಳು, ಈ ಸಲ ತುಟಿಯೊಳಗೆ.

“ಬಿಡುಗಡೆ ಅಂದ್ರೆ? ಬ್ಯಾರೆ ಏನ್ ಕೆಲ್ಸ ಕೊಡ್ತೀರಿ ಯಜಮಾನ್ರೇ?”

“ಗೂಡು ಆಯಕ್ಕೆ ಇಬ್ರವ್ರೆ ಕಣಮ್ಮ, ಮೂರನೇವ್ರಿಗೆ ಎಲ್ಲಿಂದ ತರ್ಲಿ ಕೆಲ್ಸವ?” ಎಂದರು ರುದ್ರಪ್ರಸಾದರು ಗೋಡೆಯ ಕಡೆ ನೋಡುತ್ತ. “ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಆರಾಮಾಗಿರು.”

ಐವತ್ತು ದಾಟಿದವಳು. ಕೈ ಕೆಟ್ಟಿದೆ ಎಂದು ಕಾಗದದ ಮೇಲೆ ಬರೆಸಿಕೊಂಡು ಆಚೆ ಬಿದ್ದವಳಿಗೆ ರಾಮನಗರದ ಯಾವ ಘಟಕದವರೂ ಬೇಸಿನ್ ಕೊಡುವುದಿಲ್ಲ. ಪುಟ್ಟಿಯ ಓದು ಇನ್ನೂ ಎರಡು ವರ್ಷವಿದೆ. ಶಿವಲಿಂಗಮ್ಮ ಹೆದರಿದಳು, ಚೆನ್ನಾಗಿಯೇ ಹೆದರಿದಳು. ಹೆದರಿದವಳು ನಿಜ ನುಡಿದಳು.

“ಪ್ರತಿಮಮ್ಮ, ನಾನ್ ಅವತ್ ಸುಳ್ ಹೇಳ್ಬುಟ್ಟೆ ಕಣವ್ವ. ಎಲ್ಲಾರ್ ಕೈನೂ ನೀರ್ ತಿಂದವೆ. ಗೋರಂಟಿ ಬಳ್ಕಂಡವ್ರೆ ಅಷ್ಟೇಯ. ಮುಟ್ಟಿ ನೋಡು, ಅಮುಕಿ ನೋಡು, ಗೊತ್ತಾಯ್ತದೆ.”

ಪ್ರತಿಮಾ ಹೆಂಗಸರ ಕಡೆ ತಿರುಗಿದಳು. “ಹೌದೇನ್ರಮ್ಮ?”

ಒಂಬತ್ತು ಜನವೂ ಚಾಪೆಯ ಕಡೆ ನೋಡಿದರು. ಶಿವಲಿಂಗಮ್ಮ ನಿಖಾತಳನ್ನೇ ನೋಡುತ್ತಿದ್ದಳು. “ನೀನಾದ್ರೂ ಹೇಳೇ ನಿಖಾತು.”

“ನಮ್ ಕೈ ಚೆನ್ನಾಗವೆ ಮೇಡಂ,” ಎಂದಳು ನಿಖಾತ್. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. “ಅಕ್ಕಂಗೆ ಬೇಜಾರಾಗದೆ. ಅದ್ಕೇ ಏನೇನೋ ಅಂತವ್ಳೆ.”

ಹಣ್ಣು ತಿಂದವರು ನುಣುಚಿಕೊಂಡರು, ಸಿಪ್ಪೆ ತಿಂದವಳು ಸಿಕ್ಕಿಬಿದ್ದಳು. ಪ್ರತಿಮಾ ಎದ್ದು ಹೋಗಿ ಒಂದು ಕೈಯನ್ನು, ಒಂದೇ ಒಂದು ಕೈಯನ್ನು ಅಮುಕಿ ನೋಡಿದ್ದರೆ ಸಾಕಿತ್ತು. ಆದರೆ ಅಮುಕಿದರೆ ಗುರುತು ಹೋಗುತ್ತದೆ. ಆರು ತಿಂಗಳು ಓಡಾಡಿ ಅವಳು ಹುಡುಕಿದ ನ್ಯಾಯದ ರೇಷ್ಮೆಯೂ ಅದರ ಜೊತೆಗೆ ಹೋಗುತ್ತದೆ. ಅವಳು ಕೂತಲ್ಲಿಂದ ಏಳಲಿಲ್ಲ. ಬೇಸರದ ಮುಖ ಮಾಡಿ, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು:

“ಶಿವಲಿಂಗಮ್ಮ, ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ. ನಮಗೆ ಕಷ್ಟ ಬಂತು ಅಂತ ಜೊತೆಯವರ ಮೇಲೆ ಹೇಳಬಾರ್ದು.”

ಶಿವಲಿಂಗಮ್ಮನಿಗೆ ಸಿಟ್ಟು ಬಂದಿದ್ದರೆ ಬೈದಾದರೂ ಬೈಯುತ್ತಿದ್ದಳು. ಬಂದದ್ದು ನಾಚಿಕೆ, ತಾನೇ ಏನೋ ತಪ್ಪು ಮಾಡಿ ಎಲ್ಲರೆದುರು ಸಿಕ್ಕಿಬಿದ್ದವಳಿಗೆ ಆಗುವಂಥ ನಾಚಿಕೆ.

“ಕೇಳಿ ಅಧ್ಯಕ್ಷರೇ,” ಎಂದಳು ಪ್ರತಿಮಾ. “ನಿಯಮದ ಪ್ರಕಾರ ನೀವೇ ಕೇಳಬೇಕು.”

“ಒಪ್ಪೋರು,” ಎಂದಳು ಶಿವಲಿಂಗಮ್ಮ. ಹಾಳೆಯನ್ನು ತೊಡೆಯ ಮೇಲಿಟ್ಟು ಮತ್ತೆ ಹೇಳಿದಳು. “ಒಪ್ಪೋರು ಕೈ ಎತ್ರಮ್ಮ.”

ಮೊದಲು ಎದ್ದದ್ದು ನಿಖಾತಳ ಕೈ. ಆಮೇಲೆ ಮುನಿಯಮ್ಮನದು. ಆಮೇಲೆ ಒಂದೊಂದಾಗಿ ಒಂಬತ್ತೂ ಎದ್ದವು, ಕೆಂಪಗೆ, ಮದುವೆಮನೆಯ ಕೈಗಳ ಹಾಗೆ. ಯಾವ ಕೈಯಲ್ಲಿ ಯಾವ ಬೆರಳು ಬಿರಿದಿದೆ, ಯಾರದು ಕೀವಾಗಿದೆ, ಯಾರು ಮನೆಯಲ್ಲಿ ಮುದ್ದೆ ಮುರಿಯಲಾರದೆ ಚಮಚದಲ್ಲಿ ತಿನ್ನುತ್ತಾರೆ, ಶಿವಲಿಂಗಮ್ಮನಿಗೆ ಎಲ್ಲವೂ ಗೊತ್ತಿತ್ತು. ನಿಖಾತಳ ತೋರುಬೆರಳಿನ ಬಿರುಕಿಗೆ ಹೋದ ವಾರ ತಾನೇ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು.

“ಅವಿರೋಧವಾಗಿ ಅಂತ ಬರೀಬೇಕು,” ಎಂದಳು ಪ್ರತಿಮಾ ಮೆಲ್ಲಗೆ. “ಇಲ್ಲದಿದ್ರೆ ಮತ್ತೆ ತಪಾಸಣೆ ಅಂತಾರೆ. ಅಧ್ಯಕ್ಷರದ್ದೂ ಬೇಕು.”

ಯಾರೂ ಶಿವಲಿಂಗಮ್ಮನನ್ನು ನೋಡುತ್ತಿರಲಿಲ್ಲ. ಕೊನೆಗೆ ಅವಳೂ ಕೈ ಎತ್ತಿದಳು. ಬಿಳಿಚಿದ ಚರ್ಮ, ಸಂದುಗಳಲ್ಲಿ ಹಸಿ ಮಾಂಸ, ಬೆರಳ ತುದಿಯಿಂದ ಇಳಿದ ಒಂದು ಹನಿ ರಕ್ತ ಮುಂಗೈ ಮೇಲೆ ಹರಿಯಿತು.

ಪ್ರತಿಮಾ ಸಭೆಯ ಫೋಟೊ ತೆಗೆಯಲು ಮೊಬೈಲು ಎತ್ತಿದಳು. ನೋಡಿದಳು, ಇಳಿಸಿದಳು. ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ ಮತ್ತೆ ನೋಡಿದಳು. ಎಲ್ಲಿಂದ ನೋಡಿದರೂ ಆ ಕೈ ನಡುವೆಯೇ ಬರುತ್ತಿತ್ತು.

“ಶಿವಲಿಂಗಮ್ಮ,” ಎಂದಳು ಬಹಳ ನಯವಾಗಿ, “ನೀವೊಬ್ರು ಕೈ ಇಳಿಸ್ತೀರಾ? ಇದನ್ನ ಅಂಗಡೀಲಿ ಹಾಕ್ಬೇಕು.”

ಅವಳು ಕೈ ಇಳಿಸಿ ಸೆರಗಿನ ಒಳಗೆ ಇಟ್ಟುಕೊಂಡಳು.

“ಹ್ಞಾ, ಈಗ ಸರಿ. ಎಲ್ರೂ ಒಸಿ ನಗ್ರಮ್ಮ.”

ಒಂಬತ್ತು ಜನ ನಕ್ಕರು. ನಗಬೇಕೆಂದು ಹೇಳಿದ್ದರಿಂದ ಶಿವಲಿಂಗಮ್ಮನೂ ನಕ್ಕಳು.